ದೊರೆಗಳ ಕ್ರೋಕಸ್

ದುಬೈ ಆಚೆಯ ಮರುಭೂಮಿಯ ಊರಾದ ಅಲ್ ಐನ್‌ನಲ್ಲಿ ವಸಂತ ಎಂಬುದೇ ಇಲ್ಲ. ಬೇಸಗೆ ಇದೆ, ಆಮೇಲೆ ಮನುಷ್ಯರು ಹೊರಗೆ ಬಂದು ಉಸಿರಾಡಬಹುದಾದ ಕೆಲವು ತಿಂಗಳು ಇವೆ, ಮತ್ತೆ ಬೇಸಗೆ. ಆ ಕೆಲವು ತಿಂಗಳಲ್ಲಿ ನಮ್ಮ ಜನ ಕಟ್ಟುವ ವೇಷ ನೋಡಬೇಕು. ಉಡುಪಿ, ಮಂಗಳೂರು ಕಡೆಯಿಂದ ಬಂದವರು, ಊರಿನಲ್ಲಿ ಸ್ವೆಟರನ್ನು ಅಂಗಡಿಯ ಗಾಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಇಲ್ಲಿ ಡಿಸೆಂಬರ್ ಬಂತೆಂದರೆ ಮಫ್ಲರ್ ಸುತ್ತಿಕೊಂಡು, ಮರಳುಗುಡ್ಡೆಯ ಹತ್ತಿರ ಬೆಂಕಿ ಹಾಕಿ ಕೂತು, "ಎಂಥ ಚಳಿ ಮಾರಾಯ್ರೆ" ಎಂದು ಕೈ ಉಜ್ಜುತ್ತಾರೆ. ಕೈ ಉಜ್ಜುವಾಗ ಕಂಕುಳಲ್ಲಿ ಬೆವರು. ನಾನು ಹತ್ತಿಯ ಸೀರೆಯಲ್ಲೇ ಇರುತ್ತೇನೆ. ನನಗೆ ಚಳಿಯಾಗುವುದಿಲ್ಲವೇ ಎಂದು ಕೇಳಿದವರಿಗೆ, ಇಲ್ಲ, ನನಗೆ ನಿಮ್ಮನ್ನು ನೋಡಿದರೇ ಸೆಕೆಯಾಗುತ್ತದೆ ಎಂದು ಹೇಳಿಬಿಡುತ್ತೇನೆ.

ಈ ಸೋಗಿನವರಲ್ಲೆಲ್ಲ ನಂಬರ್ ಒನ್ ಎಂದರೆ ನಮ್ಮ ಪಕ್ಕದ ಮನೆಯವರು. ನಾವಿರುವುದು ಒಂದು ಹಳೆಯ ವಿಲ್ಲಾದಲ್ಲಿ. ಮಾಲೀಕ ಅದಕ್ಕೆ ನಡುವೆ ಗೋಡೆ ಎಬ್ಬಿಸಿ ಎರಡು ಪಾರ್ಟಿಷನ್ ಮಾಡಿದ್ದಾನೆ. ಒಂದರಲ್ಲಿ ನಾನು, ನನ್ನ ಗಂಡ. ಇನ್ನೊಂದರಲ್ಲಿ ಮಂಗಳೂರಿನ ಕೊಂಕಣಿ ಮಾತಾಡುವ ಕ್ಯಾಥೋಲಿಕ್ ದಂಪತಿ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಸುತ್ತಲಿನವರೆಲ್ಲ ಕರೆಯುವ ಹಾಗೆ ನಾನೂ ಸಿಸ್ಟರ್ ಎಂದೇ ಕರೆಯುತ್ತೇನೆ. ಗಂಡ ಒಂದು ಹೋಟೆಲಿನಲ್ಲಿ ಮದುವೆ, ಪಾರ್ಟಿಗಳ ಊಟದ ವ್ಯವಸ್ಥೆ ನೋಡುವ ಮ್ಯಾನೇಜರ್. ರಜೆಯ ದಿನ ಕಸ ಎಸೆಯಲು ಹೋಗುವಾಗಲೂ ಇಸ್ತ್ರಿ ಹಾಕಿದ ಶರ್ಟು. ಅವರಿಗೆ ನಾನಿಟ್ಟ ಹೆಸರು ದೊರೆಗಳು. ಎದುರಿಗೆ ಕರೆದದ್ದಿಲ್ಲ, ನನ್ನ ಗಂಡನ ಹತ್ತಿರ ಮಾತ್ರ. ಅಂಗಳ ಇಬ್ಬರಿಗೂ ಒಂದೇ. ಅದರ ಮೂಲೆಯಲ್ಲಿ, ಖರ್ಜೂರದ ಮರಕ್ಕೂ ನೀರಿನ ಟ್ಯಾಂಕಿಗೂ ನಡುವೆ, ಚಾಪೆಯಗಲದ ಒಂದು ಪಾತಿ. ಆ ಪಾತಿಯಲ್ಲಿ ದೊರೆಗಳು ಕ್ರೋಕಸ್ ಬೆಳೆಸುತ್ತಿದ್ದರು.

ಕ್ರೋಕಸ್ ಎಂದರೆ ಯುರೋಪಿನಲ್ಲಿ ಹಿಮ ಕರಗುವ ಮೊದಲೇ ನೆಲ ಒಡೆದು ಬರುವ ಪುಟ್ಟ ಹೂವು. ಸಾಂಬಾರ್ ಈರುಳ್ಳಿಯಷ್ಟು ಗಡ್ಡೆ, ಹೆಬ್ಬೆರಳಿನಷ್ಟು ಎತ್ತರದ ನೇರಳೆ ಹೂವು. ಇದು ನನಗೆ ಗೊತ್ತಿರುವುದು ನಾನು ಕೇಳಿದ್ದರಿಂದಲ್ಲ, ಅವರು ಬಿಡದೆ ಹೇಳಿದ್ದರಿಂದ. ಪ್ರಾಯದಲ್ಲಿ ಹೋಟೆಲಿನವರು ಅವರನ್ನು ತರಬೇತಿಗೆಂದು ಆ ಕಡೆ ಕಳಿಸಿದ್ದರಂತೆ. ಅಲ್ಲಿ ಒಂದು ಬೆಳಿಗ್ಗೆ ಕಿಟಕಿ ತೆರೆದರೆ ಹಿಮದ ನಡುವೆ ಈ ಹೂವು. ಆ ಕಿಟಕಿಯನ್ನು ಅವರು ನಮಗೆ ಎಷ್ಟು ಸಲ ತೆರೆದು ತೋರಿಸಿದ್ದಾರೆಂದರೆ, ನನಗೆ ಅದರ ಚಿಲಕದ ಪರಿಚಯವೂ ಆಗಿತ್ತು.

ಪ್ರತಿ ವರ್ಷ ಹೂವು ಬಿಟ್ಟಾಗ ಅಂಗಳದಲ್ಲಿ ಚಹಾ. ಸುತ್ತಲಿನ ನಾಲ್ಕಾರು ಮನೆಯವರಿಗೆ ಕರೆ. ಎಲ್ಲರೂ ಪಾತಿಯ ಎದುರು ಸಾಲಾಗಿ ನಿಂತು, ಸೊಂಟ ಬಗ್ಗಿಸಿ, ಆಹಾ ಎನ್ನಬೇಕು. ಬಗ್ಗದಿದ್ದರೆ ಕಾಣುವುದಿಲ್ಲ, ಹೂವಿನ ಎತ್ತರವೇ ಅಷ್ಟು. ಯಾರಾದರೂ ಒಬ್ಬರು ಇದರಿಂದ ಕೇಸರಿ ಸಿಗುತ್ತದೆಯೇ ಎಂದು ಕೇಳಿಯೇ ಕೇಳುತ್ತಿದ್ದರು. ದೊರೆಗಳು ಅವರನ್ನು ಕನಿಕರದಿಂದ ನೋಡಿ, ಅದು ಬೇರೆ ಕ್ರೋಕಸ್, ಅದು ಹೂಬಿಡುವ ಕಾಲವೇ ಬೇರೆ ಎಂದು ಪಾಠ ಶುರು ಮಾಡುತ್ತಿದ್ದರು. ಹಾಲಿಗೆ ಹಾಕಲೂ ಬಾರದ, ಮುಡಿಯಲೂ ಬಾರದ, ದೇವರಿಗಿಡೋಣವೆಂದರೆ ಬೆರಳಿಗೂ ಸಿಗದ ಹೂವು. ಚೆಂಡುಗಟ್ಟಲೆ ಮಲ್ಲಿಗೆ ಮುಡಿದು ಬೆಳೆದ ನನಗೆ ಇದರ ಮುಂದೆ ಬಗ್ಗಿ ನಿಲ್ಲುವುದೆಂದರೆ ಮೈಯೆಲ್ಲ ಉರಿ. ಅದೂ ಎಷ್ಟು ದಿನದ ಸಂಭ್ರಮ! ಬಿಸಿಲು ಸ್ವಲ್ಪ ಕಣ್ಣು ಬಿಟ್ಟರೆ ಖಲಾಸ್, ಒದ್ದೆ ಕಾಗದದ ಹಾಗೆ ಮಲಗಿಬಿಡುತ್ತಿತ್ತು. ಸಿಸ್ಟರ್ ಮಾತ್ರ ಕೇಕಿನ ತಟ್ಟೆ ಹಿಡಿದು ಎಲ್ಲರ ನಡುವೆ ಓಡಾಡುತ್ತಿದ್ದರೇ ಹೊರತು ಹೂವಿನ ಬಗ್ಗೆ ತುಟಿ ಬಿಚ್ಚುತ್ತಿರಲಿಲ್ಲ. ಪಾಪ, ಕೇಳಿ ಕೇಳಿ ಸಾಕಾಗಿರಬೇಕು ಎಂದುಕೊಳ್ಳುತ್ತಿದ್ದೆ.

ಹಾಗಿದ್ದ ದೊರೆಗಳು ಕಳೆದ ಅಕ್ಟೋಬರಿನಲ್ಲಿ ಹೋಟೆಲಿನಲ್ಲೇ, ಯಾರದೋ ಮದುವೆಯ ಊಟ ನಡೆಯುತ್ತಿರುವಾಗ, ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಸುದ್ದಿ ಕೇಳಿ ನಾನು ಅತ್ತೆ. ನನ್ನ ಗಂಡ ಆಶ್ಚರ್ಯದಿಂದ ನೋಡಿದರು. ದಿನಾ ನಾನು ಬೈಯುತ್ತಿದ್ದ ಮನುಷ್ಯ ಇಲ್ಲವಾದರೆ ಅದೂ ನಷ್ಟವೇ ಅಲ್ಲವೇ?

ಶವವನ್ನು ಊರಿಗೆ ಒಯ್ಯುವ ಕಾಗದಪತ್ರಕ್ಕೆಲ್ಲ ನನ್ನ ಗಂಡ ಓಡಾಡಿದರು. ಹೊರಡುವ ದಿನ ಸಿಸ್ಟರ್ ನಮ್ಮ ಅಡುಗೆಮನೆಗೆ ಬಂದರು. ಕೈಯಲ್ಲಿ ಒಂದು ಕಂದು ಕಾಗದದ ಚೀಲ. ಅದರಲ್ಲಿ ಗಡ್ಡೆಗಳು.

"ಇದನ್ನು ನಿಮ್ಮ ಫ್ರಿಜ್‌ನಲ್ಲಿ ಇಡ್ತೀರಾ? ನಮ್ಮದನ್ನು ಆಫ್ ಮಾಡಿ ಹೋಗ್ತಾ ಇದ್ದೇನೆ. ಕ್ರಿಸ್ಮಸ್ ಕಳೆದ ಮೇಲೆ ಪಾತಿಗೆ ಹಾಕಿದ್ರೆ ಸಾಕು. ಅವರು ಇಟ್ಟ ಕಡೆಯ ಗಡ್ಡೆ. ಹೂವು ಬಂದದ್ದನ್ನು ನಾನೊಮ್ಮೆ ನೋಡ್ಬೇಕು."

ತಣ್ಣಗಿದ್ದರೆ ಮಾತ್ರ ಒಳಗಿನ ಮೊಗ್ಗು ಎಚ್ಚರಾಗುತ್ತದಂತೆ, ಹಣ್ಣಿನ ಹತ್ತಿರ ಮಾತ್ರ ಇಡಬಾರದಂತೆ. ಯಾಕೆಂದು ಸಿಸ್ಟರಿಗೂ ಗೊತ್ತಿರಲಿಲ್ಲ, ಗಂಡ ಹೇಳಿದ್ದನ್ನು ಹೇಳಿದರು. ಅಳದೆ, ಡ್ಯೂಟಿ ಬದಲಾಗುವಾಗ ಇನ್ನೊಬ್ಬ ನರ್ಸಿಗೆ ರೋಗಿಯನ್ನು ಒಪ್ಪಿಸುವ ಹಾಗೆ ಹೇಳಿದರು. ಬೇರೆ ಯಾರಾದರೂ ಆಗಿದ್ದರೆ ಈ ಉಸಾಬರಿ ನನಗೆ ಬೇಡ ಎನ್ನುತ್ತಿದ್ದೆ. ಅವರಿಗೆ ಹಾಗೆನ್ನಲಾಗಲಿಲ್ಲ. ಚೀಲವನ್ನು ತರಕಾರಿಯ ಡ್ರಾಯರಿನಲ್ಲಿ, ಎಲೆಕೋಸಿನ ಹಿಂದೆ ಇಟ್ಟೆ. ಹೂವು ಬರಿಸಿಯೇ ಕೊಡುತ್ತೇನೆ, ನೀವು ಧೈರ್ಯದಿಂದ ಹೋಗಿ ಬನ್ನಿ ಎಂದೆ.

ನವೆಂಬರಿನಲ್ಲಿ ನನ್ನ ಗಂಡನ ಅಕ್ಕ ವಿಸಿಟ್ ವೀಸಾದಲ್ಲಿ ಬಂದಿಳಿದರು. ಇವರ ಬಗ್ಗೆ ಹೇಳಲೇಬೇಕು. ನಮ್ಮದು ಮೀನಿಲ್ಲದೆ ಅನ್ನ ಇಳಿಯದ ಮನೆ. ಅಕ್ಕನೂ ಮೊದಲು ಬಂಗುಡೆಯ ತಲೆಯನ್ನೂ ಬಿಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಭಜನೆ, ವ್ರತ ಎಂದು ಹತ್ತಿಕೊಂಡು ಮೀನು, ಈರುಳ್ಳಿ, ಬೆಳ್ಳುಳ್ಳಿ ಎಲ್ಲ ಬಿಟ್ಟರು. ಬಿಡಲಿ, ಯಾರು ಬೇಡವೆಂದರು? ಆದರೆ ಬಿಟ್ಟವರು ತಿನ್ನುವವರನ್ನು ನೋಡುವ ನೋಟ ಇದೆಯಲ್ಲ, ಅದು ನನಗೆ ಆಗದು. ಬಂದ ದಿನವೇ ನನ್ನ ಫ್ರಿಜ್ಜಿಗೆ ಗಡಿ ಹಾಕಿದರು. ಮೇಲಿನ ಅರೆ ಮೀನಿನವರಿಗೆ, ಅಂದರೆ ನಮಗೆ. ಕೆಳಗಿನ ಹಣ್ಣಿನ ಡ್ರಾಯರನ್ನು ಅರಸಿನ ನೀರಿನಲ್ಲಿ ಒರೆಸಿ ದೇವರ ಡ್ರಾಯರ್ ಮಾಡಿದರು. ನೈವೇದ್ಯದ ಬಾಳೆಹಣ್ಣು, ಸೇಬು, ದುಬೈಯಿಂದ ನನ್ನ ಗಂಡ ತಂದುಕೊಡುವ ಮಲ್ಲಿಗೆ, ಎಲ್ಲ ಅದರಲ್ಲಿ. ನಾವು ಅದಕ್ಕೆ ಕೈ ಹಾಕುವ ಹಾಗಿಲ್ಲ. ನನ್ನ ಮನೆಯಲ್ಲಿ, ನನ್ನ ಫ್ರಿಜ್ಜಿನಲ್ಲಿ, ನನಗೇ ಮೈಲಿಗೆ.

ಎಲೆಕೋಸಿನ ಹಿಂದಿದ್ದ ಚೀಲವನ್ನು ಅವರು ಮೊದಲ ವಾರವೇ ಪತ್ತೆ ಹಚ್ಚಿದ್ದರು. ಇದೇನು ಈರುಳ್ಳಿಯೇ ಎಂದು ಮೂಗು ಮುಚ್ಚಿಕೊಂಡರು. ಅಲ್ಲ, ಪಕ್ಕದ ಮನೆಯ ತೀರಿಹೋದವರ ಹೂವಿನ ಗಡ್ಡೆ, ಮುಟ್ಟಬೇಡಿ ಎಂದೆ. ಆಮೇಲೆ ನಾನು ಶಾಲೆಯ ಆಫೀಸಿನ ಕೆಲಸದಲ್ಲಿ ಮುಳುಗಿದೆ. ಅಡುಗೆಮನೆ ಅಕ್ಕನ ಕೈಯಲ್ಲಿತ್ತು. ಒಮ್ಮೆ ಚೀಲ ಇದೆಯೇ ಎಂದು ಕೇಳಿದ್ದಕ್ಕೆ, ಉಂಟು, ತಂಪಾಗಿ ಉಂಟು ಎಂದರು.

ಕ್ರಿಸ್ಮಸ್ ಕಳೆದ ವಾರ ನಾನು ಪಾತಿ ಅಗೆದೆ. ಜೀವಮಾನದಲ್ಲಿ ಒಂದು ತುಳಸಿಯನ್ನೂ ನೆಟ್ಟಗೆ ಬದುಕಿಸದವಳು ಮಂಡಿಯೂರಿ ಕೂತು ಮರಳನ್ನೂ ಗೊಬ್ಬರವನ್ನೂ ಕಲಸಿದೆ. ಅಕ್ಕ ಚೀಲ ತಂದುಕೊಟ್ಟರು. ಅದರ ಮೇಲೊಂದು ಕುಂಕುಮದ ಬೊಟ್ಟು. ಕ್ಯಾಥೋಲಿಕರ ಗಡ್ಡೆಗೆ ಕುಂಕುಮ ಯಾಕೆ ಎಂದರೆ, ನೆಡುವ ಕೆಲಸ ಒಳ್ಳೆಯದಾಗಲಿ ಎಂದು, ಅಂದರು. ಚೀಲ ಬಾಳೆಹಣ್ಣಿನ ವಾಸನೆ ಹೊಡೆಯುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯ ತಲೆದಿಂಬಿಗೂ ಅದೇ ವಾಸನೆ, ಹಾಗಾಗಿ ನನಗೆ ಏನೂ ಅನಿಸಲಿಲ್ಲ.

ಕೆಲವು ದಿನದಲ್ಲಿ ಮೊಳಕೆ ಬಂತು. ಎಲೆ ಎಂದರೆ ಹುಲ್ಲು, ಸಣ್ಣಗೆ, ನಡುವೆ ಒಂದು ಬಿಳಿ ಗೆರೆ. ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಪಾತಿಯ ಎದುರು ಬಗ್ಗಿ ಮೊಗ್ಗು ಹುಡುಕುವುದು, ಸಂಜೆ ಬಂದ ಕೂಡಲೇ ಚಪ್ಪಲಿಯನ್ನೂ ಬಿಡದೆ ಮತ್ತೆ ಬಗ್ಗುವುದು. ಒಂದು ದಿನ ಹಾಗೆ ಬಗ್ಗಿದ್ದಾಗ ನನಗೇ ನಾಚಿಕೆಯಾಯಿತು. ದೊರೆಗಳು ಬದುಕಿದ್ದಾಗ ಮಾಡಿಸಲಾಗದ್ದನ್ನು ಸತ್ತ ಮೇಲೆ ಮಾಡಿಸುತ್ತಿದ್ದರು.

ಎಲೆ ಉದ್ದವಾಯಿತು. ಇನ್ನೂ ಉದ್ದವಾಯಿತು. ಮೊಗ್ಗಿನ ಸುದ್ದಿಯಿಲ್ಲ. ಅಷ್ಟರಲ್ಲಿ ಮಂಗಳೂರಿನಿಂದ ಸಿಸ್ಟರ್ ಫೋನ್ ಮಾಡಿ, ರಜೆ ಮುಗಿಯಿತು, ಮುಂದಿನ ವಾರ ಬರುತ್ತೇನೆ ಎಂದರು. ಹೂವಿನ ವಿಷಯ ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು, ಏನಾದರೂ ಹೇಳಿ ಮುಗಿಸುತ್ತಿದ್ದೆ.

ಆ ಸಂಜೆ ಫೋನ್ ಹಿಡಿದು ಕೂತು ಹುಡುಕಿದೆ. ಎಲೆ ಮಾತ್ರ ಬಂದು ಹೂವು ಬರದಿದ್ದರೆ ಏನು ಕಾರಣ? ಎಲ್ಲ ಕಡೆ ಒಂದೇ ಉತ್ತರ. ಹಣ್ಣು ಮಾಗುವಾಗ ಒಂದು ಅನಿಲ ಬಿಡುತ್ತದೆ, ಅದರ ಜತೆ ಮುಚ್ಚಿಟ್ಟರೆ ಗಡ್ಡೆಯೊಳಗಿನ ಮೊಗ್ಗು ಅಲ್ಲೇ ಸಾಯುತ್ತದೆ. ಎಲೆಗೆ ಏನೂ ಆಗುವುದಿಲ್ಲ. ಸೇಬು, ಬಾಳೆಹಣ್ಣು ಅದರಲ್ಲಿ ಮುಂದು. ನಾನು ಎದ್ದು ಅಡುಗೆಮನೆಗೆ ಹೋಗಿ, ದೇವರ ಡ್ರಾಯರನ್ನು ಎಳೆದು, ಚೀಲ ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದೆ.

ಅಕ್ಕ ಮಲ್ಲಿಗೆ ಬಿಡಿಸುತ್ತಿದ್ದವರು ತಲೆಯನ್ನೂ ಎತ್ತಲಿಲ್ಲ. "ಇಲ್ಲಿಯೇ. ಮೀನಿನ ವಾಸನೆ ತಾಗುವಲ್ಲಿ ಹೂವಿನದ್ದನ್ನು ಇಡ್ಲಿಕ್ಕುಂಟಾ? ಸತ್ತವರ ಆಸೆ ಅಂತ ನೀನೇ ಹೇಳಿದ್ದಲ್ವಾ? ದೇವರ ಹಣ್ಣಿನೊಟ್ಟಿಗೆ ಇಟ್ಟೆ."

ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಭಕ್ತಿಯನ್ನು ನಿಮ್ಮ ಊರಿನ ಫ್ರಿಜ್ಜಿನಲ್ಲಿ ಇಟ್ಟು ಬರಬೇಕಿತ್ತು ಎಂದೆ. ಮುಟ್ಟಬೇಡಿ ಎಂಬ ಒಂದು ಮಾತು ಮೀನು ತಿನ್ನುವವರ ಬಾಯಿಂದ ಬಂದರೆ ಕಿವಿಗೆ ಹೋಗುವುದಿಲ್ಲವೇ ಎಂದೆ. ಅಕ್ಕ ದೇವರ ಹತ್ತಿರ ಇಟ್ಟದ್ದು ಹಾಳಾಗುವುದುಂಟೇ ಎಂದು ಕಣ್ಣಲ್ಲಿ ನೀರು ತಂದುಕೊಂಡರು, ಅಂದು ಉಪವಾಸ ಕೂತರು. ಉಪವಾಸವೆಂದರೆ ಹಾಲು, ಹಣ್ಣು. ಅದೇ ಡ್ರಾಯರಿನ ಹಣ್ಣು.

ನನ್ನ ಗಂಡನದ್ದು ಇನ್ನೊಂದು ಜಾತಿಯ ತಲೆ. ಈ ದೇಶದಲ್ಲಿ ಇದ್ದು ಇದ್ದು, ಅಂಗಡಿಯಲ್ಲಿ ಸಿಗದ ದುಃಖವೇ ಇಲ್ಲ ಎಂದು ನಂಬಿದ ಮನುಷ್ಯ. "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ," ಎಂದರು. ದುಬೈಯ ಗಿಡದ ಅಂಗಡಿಯಲ್ಲಿ ಹೂಬಿಟ್ಟ ಕ್ರೋಕಸ್ಸಿನ ಕುಂಡಗಳೇ ಸಿಗುತ್ತವಂತೆ, ಹಾಲೆಂಡಿನಿಂದ ವಿಮಾನದಲ್ಲಿ ಬಂದದ್ದು. ತಂದು ಪಾತಿಯಲ್ಲಿ ಹೂತರೆ ಮುಗಿಯಿತು, ಸಿಸ್ಟರಿಗೆ ಏನು ತಿಳಿಯುತ್ತದೆ? ಹಾಗೇನಾದರೂ ಮಾಡಿದರೆ ನಿಮಗೆ ಈ ಮನೆಯಲ್ಲಿ ಅನ್ನವಿಲ್ಲ ಎಂದೆ. ಸತ್ತವನ ಹೆಂಡತಿಗೆ ಪ್ಲಾಸ್ಟಿಕ್ ಕುಂಡದ ಹೂವು ತೋರಿಸಿ, ಇದು ನಿಮ್ಮ ಗಂಡನದ್ದು ಎನ್ನುವಷ್ಟು ನಾನು ಕೆಟ್ಟಿಲ್ಲ. ಅವರು ಸರಿ ಸರಿ ಎಂದರು. ಆ ಸರಿ ಸರಿಯ ಬೆಲೆ ಎಷ್ಟೆಂದು ಮದುವೆಯಾದ ಯಾರನ್ನಾದರೂ ಕೇಳಿ.

ಸಿಸ್ಟರ್ ಬರುವ ದಿನ ನಾನು ಶಾಲೆಯಿಂದ ಬೇಗ ಹೊರಟೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದೆ. ಗೇಟಿನ ಹತ್ತಿರ ಮುಟ್ಟುವಾಗಲೇ ಅವರ ಟ್ಯಾಕ್ಸಿಯೂ ಬಂತು. ಸಣಕಲಾಗಿದ್ದರು. ಇಬ್ಬರೂ ಒಟ್ಟಿಗೆ ಒಳಗೆ ಹೋದೆವು. ಪಾತಿಯಲ್ಲಿ ನೇರಳೆ ಹೂವು ಬಿಸಿಲಿಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ಪಕ್ಕದಲ್ಲಿ ನನ್ನ ಗಂಡ, ಉಗುರಿನ ತುಂಬ ಮಣ್ಣು, ಮುಖದ ತುಂಬ ಹಲ್ಲು. ನನಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

ಸಿಸ್ಟರ್ ಬ್ಯಾಗನ್ನು ಕೆಳಗಿಟ್ಟು ಪಾತಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. ಹೂವನ್ನು ಮುಟ್ಟಲಿಲ್ಲ. ಬುಡಕ್ಕೆ ಬೆರಳು ಚುಚ್ಚಿ, ಎತ್ತಿ ನೋಡಿದರು. ನಮ್ಮ ಪಾತಿಯ ಕೆಂಪು ಮರಳಲ್ಲ, ಕುಂಡದ ಕರಿ ಮಣ್ಣು.

"ಯಾವಾಗ ತಂದದ್ದು?" ಎಂದು ನನ್ನ ಗಂಡನನ್ನು ಕೇಳಿದರು. ಗಂಡ ಇಂಗು ತಿಂದ ಮಂಗನ ಹಾಗೆ ನನ್ನ ಮುಖ ನೋಡಿದರು. ಸಿಸ್ಟರಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಈ ಕರಿ ಮಣ್ಣು ನನಗೆ ಗೊತ್ತುಂಟು. ಅವರೂ ಪ್ರತಿ ವರ್ಷ ನನಗೆ ಡ್ಯೂಟಿ ಇದ್ದ ದಿನ ಇದನ್ನೇ ತಂದು ಹೂಳ್ತಾ ಇದ್ದದ್ದು."

ಆಮೇಲೆ ಅಲ್ಲೇ ಕೂತು ಹೇಳಿದರು. ಮೊದಲ ವರ್ಷ ದೊರೆಗಳು ಊರಿಗೆಲ್ಲ ಡಂಗುರ ಸಾರಿ ಗಡ್ಡೆ ನೆಟ್ಟಿದ್ದರಂತೆ. ಒಂದೂ ಮೇಲೆ ಬರಲಿಲ್ಲ, ಎಲ್ಲ ಮಣ್ಣಿನಲ್ಲೇ ಕೊಳೆತವು. ಅಷ್ಟರಲ್ಲಿ ಚಹಾಕ್ಕೆ ಎಲ್ಲರನ್ನೂ ಕರೆದಾಗಿತ್ತು. ಮಾನ ಹೋಗುತ್ತದೆಂದು ದುಬೈಗೆ ಹೋಗಿ ಕುಂಡ ತಂದರು. ಒಮ್ಮೆ ಶುರುವಾದದ್ದನ್ನು ಬಿಡಲಾಗಲಿಲ್ಲ. ಖಾಲಿ ಕುಂಡಗಳು ಕಾರಿನ ಸ್ಟೆಪ್ನಿಯ ಅಡಿಯಲ್ಲಿ ಸಿಸ್ಟರಿಗೆ ಸಿಕ್ಕಿದ್ದವು. ಅವರು ಬಾಯಿ ಬಿಡಲಿಲ್ಲ. ಗೊತ್ತಾಗಿದೆ ಎಂದರೆ ಗಂಡ ತನ್ನೆದುರು ಮತ್ತೆ ತಲೆ ಎತ್ತಲಾರರು ಎಂದು ಅವರಿಗೆ ಭಯವಿತ್ತು.

ನನಗೆ ನಗು ಬರಬೇಕಿತ್ತು. ದೊರೆಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಹಬ್ಬದೂಟ ನನ್ನ ನಾಲಗೆಗೆ ಸಿಗಲಿಕ್ಕಿಲ್ಲ. ಬಂದದ್ದು ಸಿಟ್ಟು. ಅಂಗಡಿಯ ಹೂವಿಗೆ ವರ್ಷ ವರ್ಷ ಸೊಂಟ ಬಗ್ಗಿಸಿದೆನಲ್ಲ ಎಂಬ ಸಿಟ್ಟು ಒಂದು ಕಡೆ. ಇಷ್ಟು ಕಾಲ ಈ ಹೆಂಗಸು ಕೇಕಿನ ತಟ್ಟೆ ಹಿಡಿದು ಆ ಸುಳ್ಳಿನ ಸುತ್ತ ನಗುತ್ತ ಓಡಾಡಿದರಲ್ಲ ಎಂಬ ಸಂಕಟ ಇನ್ನೊಂದು ಕಡೆ.

"ಈ ಸಲ ಬೇಸಗೆಯಲ್ಲಿ ಎಲ್ಲಿಯೋ ಓದಿದ್ರಂತೆ, ಫ್ರಿಜ್‌ನಲ್ಲಿ ಇಟ್ರೆ ಬರ್ತದೆ ಅಂತ," ಎಂದರು ಸಿಸ್ಟರ್. "ಗಡ್ಡೆ ತಂದು ಇಟ್ರು. ದಿನಾ ತೆಗೆದು ನೋಡೋದು, ಮುಚ್ಚೋದು. ಆಗಲೇ ನನಗೆ ಗೊತ್ತಾಯ್ತು, ಈ ಸಲ ಇವರು ಅಂಗಡಿಗೆ ಹೋಗ್ಲಿಕ್ಕಿಲ್ಲ ಅಂತ. ಅವರ ಗಡ್ಡೆ ಎಲ್ಲಿ?"

ನನ್ನ ಗಂಡ ತಲೆ ತಗ್ಗಿಸಿಕೊಂಡು ಹೋಗಿ ಟ್ಯಾಂಕಿನ ಹಿಂದಿನಿಂದ ಹಳೆಯ ಪೇಂಟಿನ ಬಕೆಟ್ ತಂದರು. ಪಾತಿಯಿಂದ ಕಿತ್ತ ಗಡ್ಡೆಗಳನ್ನು ಮಣ್ಣುಸಹಿತ ಅದರಲ್ಲಿ ತುಂಬಿದ್ದರು. ಎಸೆದಿರಲಿಲ್ಲ, ಅಷ್ಟಾದರೂ ಬುದ್ಧಿಯಿತ್ತು. ಎಲೆಗಳು ಬಾಡಿ ಅಂಚಿನ ಮೇಲೆ ಜೋತಿದ್ದವು.

ನಾನು ಹೇಳಿದೆ. ಚೀಲ ಎಲ್ಲಿಟ್ಟಿದ್ದೆ, ಅದು ಎಲ್ಲಿಗೆ ಹೋಯಿತು, ಹಣ್ಣು ಏನು ಮಾಡಿತು, ಎಲ್ಲ. ಅಕ್ಕ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ಸಿಸ್ಟರ್ ಪೂರ್ತಿ ಕೇಳಿ, ಒಂದು ಎಲೆಯನ್ನು ಬೆರಳಲ್ಲಿ ನೆಟ್ಟಗೆ ಮಾಡುತ್ತ, ಒಂದೇ ಪ್ರಶ್ನೆ ಕೇಳಿದರು.

"ಹಣ್ಣಿನ ಹತ್ತಿರ ಇಡದಿದ್ರೆ ಹೂವು ಬರ್ತಿತ್ತಾ?"

ಗಂಡ ಅವರ ಬೆನ್ನ ಹಿಂದಿನಿಂದ ನನಗೆ ಕಣ್ಣು ಮಿಟುಕಿಸಿ ತಲೆಯಾಡಿಸಿದರು. ಇಲ್ಲ ಎನ್ನು, ಹೇಗೂ ಬರುತ್ತಿರಲಿಲ್ಲ ಎನ್ನು, ಆ ಹೆಂಗಸಿಗೆ ಸಮಾಧಾನವಾಗಲಿ ಎಂದು. ಸಮಾಧಾನದ ಮಾತು ನನ್ನ ಬಾಯಲ್ಲಿ ಎಂದೂ ಸರಿಯಾಗಿ ಹುಟ್ಟಿದ್ದಿಲ್ಲ.

"ಬರ್ತಿತ್ತು," ಎಂದೆ. "ಮೊಗ್ಗು ಒಳಗಿತ್ತು ಸಿಸ್ಟರ್. ಕೊಂದದ್ದು ನಮ್ಮ ಮನೆಯವರು."

"ಹಾಗಾದ್ರೆ ಅವರು ಈ ಸಲ ಸರಿಯಾಗಿಯೇ ಮಾಡಿದ್ರು."

"ಸರಿಯಾಗಿಯೇ ಮಾಡಿದ್ರು," ಎಂದೆ.

ಸಿಸ್ಟರ್ ಬಕೆಟನ್ನು ಎತ್ತಿಕೊಂಡು ಹೋಗಿ ತಮ್ಮ ಬಾಗಿಲ ಮೆಟ್ಟಿಲ ಮೇಲೆ ಇಟ್ಟರು. ಬೀಗ ತೆಗೆಯಲಿಲ್ಲ. ಅದರ ಪಕ್ಕದಲ್ಲೇ ಕೂತು, ಶವದ ಜತೆ ಹೊರಟ ದಿನವೂ ಅಳದಿದ್ದವರು, ಜೋರಾಗಿ ಅತ್ತರು.